ಮನೆಯೊಳಗಿನ ಬೇನೆ, ಘಾಟಿಯಾಚೆಯ ವೈದ್ಯ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಗಡಿನಾಡಿನ ಕನ್ನಡ ಸಂಘದಲ್ಲಿ ಮಾತನಾಡುವವರಿಗೆ ವಿಷಯವನ್ನು ಹುಡುಕುವ ಶ್ರಮವಿಲ್ಲ. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿತು, ನೀಲಗಿರಿ ಸೇರಲಿಲ್ಲ; ಅಂದಿನಿಂದ ಇಂದಿನವರೆಗೆ ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಕನ್ನಡ, ಫಲಕದ ಮೇಲೆ ಕನ್ನಡ ಎಂಬ ಮಾತುಗಳು ಇಂತಹ ವೇದಿಕೆಗಳಲ್ಲಿ ಕೇಳಿಬರುತ್ತಲೇ ಇವೆ. ಅವು ಬೇಕಾದ ಮಾತುಗಳೇ. ಸಂಘದ ಕಾರ್ಯದರ್ಶಿಗಳು ನಮಗೂ ಅದನ್ನೇ ಸೂಚಿಸಿದ್ದರು. ಅವರ ಕ್ಷಮೆಯನ್ನು ಬೇಡಿ ನಾವು ಇಂದು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಮನೆಯಲ್ಲಿ ಒಬ್ಬರಿಗೆ ಮನಸ್ಸಿನ ಬೇನೆ ಬಂದರೆ ಆ ಮನೆಯವರು ಎಷ್ಟು ದೂರ ಹೋಗಬೇಕು, ಏನನ್ನು ಕಳೆದುಕೊಳ್ಳಬೇಕು, ಹೋದ ಮೇಲೆ ಯಾವ ನುಡಿಯಲ್ಲಿ ಹೇಳಿಕೊಳ್ಳಬೇಕು ಎಂಬುದೇ ಆ ವಿಷಯ. ಇದೂ ಕನ್ನಡದ ಪ್ರಶ್ನೆಯೇ ಎಂಬುದು ಮಾತು ಮುಂದುವರಿದಂತೆ ತಮಗೆ ತೋರಬಹುದು.

ಊರಿನ ಮಾತನ್ನು ಆಡುವ ಮುನ್ನ ನಮ್ಮ ಮನೆಯ ಬಾಗಿಲನ್ನು ತೆರೆಯುವುದು ನ್ಯಾಯ. ನಾವು ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಮ್ಮ ಸೋದರತ್ತೆ ಎರಡನೆಯ ಹೆರಿಗೆಯಾದ ಕೆಲವು ವಾರಗಳಿಗೆ ಮಂಕಾದರು. ಕೂಸನ್ನು ಎತ್ತಿಕೊಳ್ಳಲು ಒಲ್ಲರು. ರಾತ್ರಿಯೆಲ್ಲ ಹಿತ್ತಿಲ ಬಾಗಿಲಲ್ಲಿ ಕುಳಿತಿರುವರು. ಗಂಡನ ಮನೆಯವರು ತಂದು ತವರಿಗೆ ಬಿಟ್ಟುಹೋದರು. ಗಾಳಿ ಸೋಕಿದೆ ಎಂದರು ಕೆಲವರು, ಮಾಟ ಎಂದರು ಕೆಲವರು. ಮೊದಲ ವರ್ಷ ಯಂತ್ರ, ತಾಯಿತ, ಹರಕೆಗಳಲ್ಲಿ ಕಳೆಯಿತು. ಕೊಟ್ಟಿಗೆಯಿಂದ ಎರಡು ಎಮ್ಮೆಗಳು ಹೋದವು. ಎರಡನೆಯ ವರ್ಷ ಅಜ್ಜಿಯ ಕೊರಳಿನದು ಹೋಯಿತು. ಆ ಹಣದಲ್ಲಿ ನಮ್ಮ ತಂದೆಯವರು ಅತ್ತೆಯನ್ನು ಕರೆದುಕೊಂಡು ಬಯಲುಸೀಮೆಯ ಒಂದು ಪಟ್ಟಣದ ವೈದ್ಯರಲ್ಲಿಗೆ ಹೋದರು. ವೈದ್ಯರಿಗೆ ಕನ್ನಡ ಬಾರದು, ಅತ್ತೆಗೆ ತಮಿಳು ಬಾರದು. ತಂದೆಯವರದು ಸಂತೆಯ ತಮಿಳು. ಅತ್ತೆ ಬಹಳ ಹೊತ್ತು ಮಾತನಾಡಿದರಂತೆ. ತಂದೆಯವರು ವೈದ್ಯರಿಗೆ ಹೇಳಿದ್ದು ಒಂದೇ ಮಾತು: ನಿದ್ದೆ ಬರುವುದಿಲ್ಲವಂತೆ. ವೈದ್ಯರು ನಿದ್ದೆಯ ಮಾತ್ರೆ ಬರೆದುಕೊಟ್ಟರು.

ಅತ್ತೆ ಅಂದು ಹೇಳಿದ್ದೇನೆಂಬುದು ನಮಗೆ ತಿಳಿದದ್ದು ತಂದೆಯವರ ಕೊನೆಗಾಲದಲ್ಲಿ. ಕೂಸನ್ನು ಬಾವಿಗೆ ಹಾಕೆಂದು ಯಾರೋ ಕಿವಿಯಲ್ಲಿ ಹೇಳುತ್ತಾರೆ, ಅದಕ್ಕಾಗಿಯೇ ನಾನು ಅದನ್ನು ಎತ್ತಿಕೊಳ್ಳುವುದಿಲ್ಲ ಎಂದಿದ್ದರಂತೆ. ತಂಗಿಯ ಬಾಯಿಂದ ಬಂದ ಆ ಮಾತನ್ನು ಪರಸ್ಥಳದ ಅಪರಿಚಿತರ ಮುಂದೆ ಆಡಲು ಅಣ್ಣನಿಗೆ ನಾಲಗೆ ಬರಲಿಲ್ಲ. ಅದು ತಪ್ಪೆಂದು ಅವರನ್ನು ನಾವು ದೂರಲಾರೆವು. ಮತ್ತೊಂದು ವರ್ಷದ ಬಳಿಕ ಯಾರೋ ಪುಣ್ಯಾತ್ಮರ ಮಾತು ಕೇಳಿ ಹೊಲವನ್ನು ಭೋಗ್ಯಕ್ಕೆ ಹಾಕಿ ಬೆಂಗಳೂರಿಗೆ ಒಯ್ದರು. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಒಬ್ಬ ದಾದಿ, "ಏನಮ್ಮ, ಮಗು ಎಲ್ಲಿ?" ಎಂದು ಕೇಳಿದರಂತೆ. ಅಷ್ಟು ಸಾಕಾಯಿತು. ಅತ್ತೆ ಮೂರು ತಿಂಗಳಿಗೆ ಮನೆಗೆ ಬಂದರು, ಅಡಿಗೆಮನೆಗೆ ಹೋದರು, ಮುಂದೆ ಆ ಕೂಸನ್ನು ತಾವೇ ಬೆಳೆಸಿದರು. ಹೊಲ ಮಾತ್ರ ಬಿಡಿಸಿಕೊಳ್ಳಲಾಗದೆ ಹೋಯಿತು.

ಈ ಕಥೆಯಲ್ಲಿ ವೈದ್ಯರ ಶುಲ್ಕವೆಷ್ಟು, ಔಷಧದ ಬೆಲೆಯೆಷ್ಟು ಎಂದು ಲೆಕ್ಕ ಹಾಕಿದರೆ ಬಹುಶಃ ಒಂದು ಎಮ್ಮೆಯ ಬೆಲೆಯೂ ಆಗದು. ಉಳಿದುದೆಲ್ಲ ದಾರಿಗೆ, ನಾಚಿಕೆಗೆ, ಮಾತು ತಿಳಿಯದುದಕ್ಕೆ ಸಂದ ದಂಡ. ಇಂದಿಗೂ ಹೆಚ್ಚಿನ ಮನೆಗಳಲ್ಲಿ ಲೆಕ್ಕ ಹೀಗೆಯೇ ಇದೆ ಎಂಬುದೇ ನಾವು ಹೇಳಬೇಕೆಂದಿರುವ ಮಾತು.

ಇದು ಎಲ್ಲೋ ಒಂದೆರಡು ಮನೆಗಳ ಸಂಕಟವೆಂದು ತಾವು ಎಣಿಸಬಾರದು. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ತಮಿಳುನಾಡೂ ಸೇರಿದಂತೆ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿದರು. ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಬಗೆಯ ಮನೋವ್ಯಾಧಿಯಿಂದ ಬಳಲುತ್ತಿದ್ದರು. ಅವರಲ್ಲಿ ಚಿಕಿತ್ಸೆ ದೊರೆಯದವರ ಪ್ರಮಾಣ, ಬೇನೆಯ ಬಗೆಯನ್ನು ಅನುಸರಿಸಿ, ನೂರಕ್ಕೆ 70ರಿಂದ 92. ನೀಲಗಿರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 7,35,394. ದೇಶದ ಸರಾಸರಿ ನಮ್ಮ ಗುಡ್ಡಕ್ಕೆ ಹಾಗೆಯೇ ಹೊಂದೀತೆಂದು ಹೇಳಲಾಗದು. ಆದರೂ ಮಕ್ಕಳನ್ನು ಬಿಟ್ಟು ಲೆಕ್ಕ ಹಾಕಿದರೆ ಸಂಖ್ಯೆ ಅರ್ಧ ಲಕ್ಷದ ಆಸುಪಾಸಿಗೆ ಬರುತ್ತದೆ. ಈ ಸಭಾಂಗಣದಲ್ಲಿ ಕುಳಿತಿರುವ ನಮ್ಮಲ್ಲಿಯೂ ಆ ಲೆಕ್ಕದವರು ಇರಲೇಬೇಕು.

ಅದೇ ಸಮೀಕ್ಷೆ ಇನ್ನೊಂದು ಮಾತನ್ನು ಹೇಳಿತು. ರೋಗಿಯಿರುವ ಕುಟುಂಬ ಚಿಕಿತ್ಸೆಗೂ ಅದಕ್ಕಾಗಿ ಮಾಡುವ ಪ್ರಯಾಣಕ್ಕೂ ತಿಂಗಳಿಗೆ 1,000ದಿಂದ 1,500 ರೂಪಾಯಿಯವರೆಗೆ ಕೈಯಿಂದ ವೆಚ್ಚಮಾಡುತ್ತಿತ್ತು. ಅದು ದೇಶದ ಲೆಕ್ಕ. ಗುಡ್ಡದ ಲೆಕ್ಕವನ್ನು ನಾವು ರೂಪಾಯಿಗಳಲ್ಲಿ ಹಾಕದೆ ದಿನಗಳಲ್ಲಿ ಹಾಕಿ ನೋಡೋಣ.

ಮಸಿನಗುಡಿಯ ಕಡೆಯ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಇಪ್ಪತ್ತೆರಡು ವರ್ಷದ ಮಗ. ಯಾರೋ ತನ್ನ ಮೇಲೆ ಹೊಂಚುಹಾಕಿದ್ದಾರೆಂದು ಕೋಣೆ ಬಿಟ್ಟು ಹೊರಬರುವುದಿಲ್ಲ. ತಾಯಿ ದಿನಗೂಲಿಯವರು. ಉದಕಮಂಡಲಕ್ಕೆ ಹೋಗಬೇಕೆಂದರೆ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಬೇಕು, ಸುಮಾರು 30 ಕಿಲೋಮೀಟರು. ಆ ದಾರಿ ಒಲ್ಲೆವೆಂದರೆ ತೆಪ್ಪಕಾಡು, ಗೂಡಲೂರುಗಳನ್ನು ಸುತ್ತಿ 70 ಕಿಲೋಮೀಟರಿಗೂ ಮೀರುತ್ತದೆ. ಬರಲೊಲ್ಲದ ಮಗನನ್ನು ತಾಯಿ ಒಬ್ಬರೇ ಕರೆದೊಯ್ಯಲಾರರು. ಅವನ ಮಾವನೋ ಅಣ್ಣನೋ ಜೊತೆಗೆ ಬೇಕು. ತಿಂಗಳಿಗೆ ಒಂದು ಸಲ ಹೋದರೆ ವರ್ಷಕ್ಕೆ 12 ಸಲ, ಇಬ್ಬರ ಕೂಲಿ ಸೇರಿ 24 ದಿನ. ಮಾತ್ರೆ ನುಂಗಿ ಜೋಂಪಿನಲ್ಲಿರುವ ಹುಡುಗ ತಿರುವುಗಳಲ್ಲಿ ಕಾರಿಕೊಳ್ಳುತ್ತಾನೆಂದು ಬಾಡಿಗೆಯ ಜೀಪು ಮಾಡಿದರೆ ಒಂದು ವಾರದ ದುಡಿಮೆ ಅಲ್ಲಿಗೇ ಮುಗಿಯಿತು. ಬೇನೆಯ ಬಗೆಗೆ ತಕ್ಕಂತೆ ಲಿಥಿಯಂನಂತಹ ಔಷಧವನ್ನು ಕೊಟ್ಟರೆ ನಡುನಡುವೆ ರಕ್ತಪರೀಕ್ಷೆ ಮಾಡಿಸಬೇಕು. ಅದಕ್ಕೆ ಇನ್ನೊಂದು ದಿನ. ಸಂಜೆ ತಡವಾದರೆ ಕಾಡಿನ ರಸ್ತೆಯಲ್ಲಿ ಆನೆ. ಆಸ್ಪತ್ರೆಯಲ್ಲಿ ಔಷಧವನ್ನು ಪುಕ್ಕಟೆಯಾಗಿ ಕೊಟ್ಟರೂ ಇವಿಷ್ಟು ಪುಕ್ಕಟೆಯಾಗುವುದಿಲ್ಲ. ನಾಲ್ಕು ತಿಂಗಳು ಹೋಗುತ್ತಾರೆ. ಹುಡುಗ ಸ್ವಲ್ಪ ಗುಣಮುಖನಾಗುತ್ತಾನೆ. ಇನ್ನೇನು, ಸರಿಯಾದನಲ್ಲ ಎಂದು ಐದನೆಯ ತಿಂಗಳು ನಿಲ್ಲಿಸುತ್ತಾರೆ. ಎಂಟನೆಯ ತಿಂಗಳಿಗೆ ಬೇನೆ ಮರಳಿ ಬರುತ್ತದೆ. ಮದ್ದು ನಿಂತದ್ದು ಮೌಢ್ಯದಿಂದಲ್ಲ, ಬಸ್ಸಿನ ಖರ್ಚಿನಿಂದ ಎಂಬುದನ್ನು ಅವರನ್ನು ಬೈಯುವ ಮೊದಲು ನಾವು ಅರಿಯಬೇಕು.

ಈ ವಿಷಯದಲ್ಲಿ ಸರ್ಕಾರಗಳು ಏನೂ ಮಾಡಿಲ್ಲವೆಂದರೆ ಸುಳ್ಳಾದೀತು. ಹೆಂಗಸರ ಉಚಿತ ಬಸ್ ಪ್ರಯಾಣವನ್ನು ತಮಿಳುನಾಡು ಸರ್ಕಾರ 2024ರಲ್ಲಿ ಈ ಗುಡ್ಡಗಾಡಿಗೂ ವಿಸ್ತರಿಸಿತು. ಉದಕಮಂಡಲದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ 700 ಹಾಸಿಗೆಗಳ ಆಸ್ಪತ್ರೆ 2025ರ ಏಪ್ರಿಲಿನಲ್ಲಿ ಉದ್ಘಾಟನೆಯಾಯಿತು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೂ ಇದೆ. ಆದರೆ ನಮ್ಮ ಜನರ ಒಂದು ಸ್ವಭಾವವನ್ನು ಹೇಳಬೇಕು. ಉದಕಮಂಡಲದ ಆಸ್ಪತ್ರೆಯ ಸಾಲಿನಲ್ಲಿ ನಮ್ಮ ಹಟ್ಟಿಯವರು ಯಾರಾದರೂ ಕಂಡಾರೆಂಬ ಭಯದಿಂದ ಹತ್ತಿರದ ವೈದ್ಯರನ್ನು ದಾಟಿ ಕೊಯಮತ್ತೂರಿಗೋ ಮೈಸೂರಿಗೋ ಹೋಗುವವರೇ ಹೆಚ್ಚು. ಮಗಳ ಮದುವೆಯಾಗಬೇಕು, ಮಗನಿಗೆ ಹೆಣ್ಣು ಸಿಗಬೇಕು. ದೂರದಷ್ಟೂ ಗುಟ್ಟು, ಗುಟ್ಟಿನಷ್ಟೂ ಖರ್ಚು. ಸರ್ಕಾರದ ಬೊಕ್ಕಸಕ್ಕೆ ಸೇರದ ಈ ತೆರಿಗೆಯನ್ನು ವಸೂಲುಮಾಡುವವರು ನೆರೆಹೊರೆಯವರಾದ ನಾವೇ.

"ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು" ಎಂಬ ಗಾದೆಯನ್ನು ನಾವೆಲ್ಲ ನಕ್ಕು ಆಡಿದ್ದೇವೆ. ಆ ಗಾದೆಯ ಎರಡನೆಯ ಭಾಗವನ್ನು ನಂಬಿ ನಿಜವಾಗಿ ಮದುವೆ ಮಾಡಿಬಿಟ್ಟ ಮನೆಗಳು ನಮಗೆ ಗೊತ್ತು. ಅಲ್ಲಿ ಖರ್ಚು ಎರಡು ಮನೆಗಳಿಗೆ ಹಂಚಿಹೋಗುತ್ತದೆ, ದುಃಖವೂ. ಹಿಂದಿನ ಕೋಣೆ, ಹೊರಗಿನಿಂದ ಹಾಕಿದ ಚಿಲಕ, ಇವುಗಳ ಮಾತನ್ನು ಬೆಳೆಸುವುದಿಲ್ಲ. 2001ರ ಆಗಸ್ಟ್ 6ರಂದು ರಾಮನಾಥಪುರ ಜಿಲ್ಲೆಯ ಏರ್ವಾಡಿಯಲ್ಲಿ ಒಂದು ಖಾಸಗಿ ಆಶ್ರಯದ ಚಪ್ಪರಕ್ಕೆ ಬೆಂಕಿ ಹತ್ತಿ 28 ಮಂದಿ ರೋಗಿಗಳು ಸತ್ತರು. ಕಾಲಿಗೆ ಸರಪಳಿಯಿದ್ದುದರಿಂದ ಓಡಲಾಗಲಿಲ್ಲ. ಅವರನ್ನು ಅಲ್ಲಿಗೆ ಕರೆತಂದು ಬಿಟ್ಟವರು ಕಟುಕರಲ್ಲ, ಮನೆಯವರು. ಬೇರೆ ಎಲ್ಲಿಗೆ ಹೋಗಬೇಕೆಂದು ತಿಳಿಯದವರು.

ಇನ್ನು ಮೈಸೂರಿನ ದಾರಿ. ಕನ್ನಡದಲ್ಲಿ ಹೇಳಿಕೊಳ್ಳಬಹುದೆಂಬ ಆಸೆಯಿಂದ ನಮ್ಮವರು ಅತ್ತ ಹೋಗುತ್ತಾರೆ. ಗೂಡಲೂರಿನಿಂದ ಮೈಸೂರು ಸುಮಾರು 110 ಕಿಲೋಮೀಟರು. ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವಿಲ್ಲ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಸರಿಯಾದ ಕ್ರಮವೇ. ತುರ್ತು ಆಂಬುಲೆನ್ಸಿಗೆ ದಾರಿಯುಂಟು. ಆದರೆ ರಾತ್ರಿ ಹತ್ತಕ್ಕೆ ಮಗಳು ಕೂಗಾಡಲಾರಂಭಿಸಿದರೆ ಆಂಬುಲೆನ್ಸಿಗೆ ಹೇಳಿಕಳುಹಿಸಬೇಕೆಂದು ಎಷ್ಟು ಮನೆಗಳಿಗೆ ತೋಚೀತು? ಹೃದಯ ನೋವೆಂದರೆ ತೋಚುತ್ತದೆ. ಮತ್ತೆ, 2023ರ ಜೂನ್ 11ರಂದು ಕರ್ನಾಟಕದಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಆದರೆ ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಗುಂಡ್ಲುಪೇಟೆಯಲ್ಲಿ ಒಂದೇ ಬಸ್ಸನ್ನು ಹತ್ತಿ ಒಂದೇ ಸೀಟಿನಲ್ಲಿ ಕುಳಿತು ಒಂದೇ ಕನ್ನಡವನ್ನಾಡುವ ಇಬ್ಬರು ತಾಯಂದಿರಲ್ಲಿ ಕೆಕ್ಕನಹಳ್ಳದ ಚೌಕಿಯ ಆಚೆಯವರಿಗೆ ಟಿಕೆಟ್ಟಿಲ್ಲ, ಈಚೆಯವರಿಗೆ ಉಂಟು. ಯಾರನ್ನೂ ದೂರುವುದಕ್ಕಾಗಿ ಇದನ್ನು ಹೇಳಲಿಲ್ಲ. ಗಡಿಯ ಗೆರೆ ಎಲ್ಲೆಲ್ಲಿ ಹಾದುಹೋಗುತ್ತದೆ ಎಂಬುದನ್ನು ತೋರಿಸಿದೆವು, ಅಷ್ಟೆ.

ವಿಮೆಯಿದೆಯಲ್ಲ ಎಂದು ಕೆಲವರು ಕೇಳಬಹುದು. ಮುಖ್ಯಮಂತ್ರಿಗಳ ಸಮಗ್ರ ವಿಮಾ ಯೋಜನೆಯ ಚೀಟಿ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಯ ರಕ್ಷಣೆ. ದೊಡ್ಡ ಮೊತ್ತವೇ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಯಲ್ಲಿ ಮಲಗಿದವರಿಗೆ. ಮನಸ್ಸಿನ ಬೇನೆಯಲ್ಲಿ ಮಲಗುವುದು ಕೆಲವು ವಾರ, ನಡೆಯುವುದು ಹಲವು ವರ್ಷ. ಆ ನಡೆಯುವ ವರ್ಷಗಳ ಮಾತ್ರೆಗೂ ಬಸ್ಸಿಗೂ ಕೂಲಿಗೂ ಐದು ಲಕ್ಷದ ಚೀಟಿಯಿಂದ ಐದು ರೂಪಾಯಿಯೂ ಹುಟ್ಟುವುದಿಲ್ಲ.

ಹಾಗಾದರೆ ಕಾನೂನು ಏನೆನ್ನುತ್ತದೆ? 1912ರ ಕಾನೂನು ಇಂತಹವರನ್ನು ಹುಚ್ಚರೆಂದು ಕರೆದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿತ್ತು. 1987ರಲ್ಲಿ ಅದು ಬದಲಾಯಿತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 18ನೆಯ ಕಲಮಿನಲ್ಲಿ ಚಿಕಿತ್ಸೆ ಎಂಬುದು ಹಕ್ಕು. ಕೈಗೆಟಕುವ ಖರ್ಚಿನಲ್ಲಿ, ಹೋಗಬಲ್ಲಷ್ಟು ದೂರದಲ್ಲಿ ಅದು ದೊರೆಯಬೇಕು. ಬಡತನದ ರೇಖೆಯ ಕೆಳಗಿನವರಿಗೆ, ಅವರ ಬಳಿ ಆ ಚೀಟಿ ಇರಲಿ ಇಲ್ಲದಿರಲಿ, ಸರ್ಕಾರಿ ಸಂಸ್ಥೆಗಳಲ್ಲಿ ಅದು ಉಚಿತ. ಅವಶ್ಯಕ ಔಷಧಗಳ ಪಟ್ಟಿಯಲ್ಲಿರುವ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರಗಳಿಂದ ಮೇಲ್ಪಟ್ಟ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಯಾವಾಗಲೂ ಪುಕ್ಕಟೆಯಾಗಿ ಸಿಗಬೇಕು. 22ನೆಯ ಕಲಮನ್ನು ನಾವು ಎರಡು ಸಲ ಓದಿದೆವು. ತನ್ನ ಬೇನೆ ಯಾವುದು, ಕೊಡುವ ಚಿಕಿತ್ಸೆ ಯಾವುದು ಎಂಬುದನ್ನು ರೋಗಿಗೆ ತಿಳಿಯುವ ನುಡಿಯಲ್ಲಿ ತಿಳಿಸಬೇಕೆಂದು ಅಲ್ಲಿದೆ. ಗಡಿನಾಡಿನವರಿಗೆ ಇಷ್ಟು ಹತ್ತಿರವಾದ ವಾಕ್ಯ ಇರುವಾಗ ನಾವು ಅದನ್ನು ಎತ್ತಿಕೊಂಡು ಒಂದು ಮನವಿಯನ್ನೂ ಬರೆದಿಲ್ಲ.

ನಮ್ಮ ಜಿಲ್ಲೆಯ ನುಡಿಯ ಗೊಂದಲವನ್ನು ಹೊರಗಿನವರು ಅರಿಯರು. ಗೂಡಲೂರು ಸೀಮೆ 1877ರವರೆಗೆ ಮಲಬಾರಿಗೆ ಸೇರಿತ್ತು. ಅಲ್ಲಿ ಇಂದಿಗೂ ಮಲೆಯಾಳ ಬಲವಾಗಿದೆ. ಸಿಂಹಳದಿಂದ ಮರಳಿ ಬಂದ ತಮಿಳರು ತೋಟಗಳಲ್ಲಿದ್ದಾರೆ. ಬಡಗರ ನುಡಿ ಕನ್ನಡಕ್ಕೆ ಅತಿ ಸಮೀಪ, ಆದರೂ ಬೇರೆಯೇ ಚೆಲುವುಳ್ಳದ್ದು. ಪಣಿಯರು, ಬೆಟ್ಟಕುರುಂಬರು, ಕಾಟ್ಟುನಾಯಕರು, ಇರುಳರು ಇವರಿಗೆ ಅವರವರ ನುಡಿ. ಕೈ ಮುರಿದವನು ಯಾವ ನುಡಿಯಲ್ಲಿ ಕೂಗಿದರೂ ಮೂಳೆ ಒಂದೇ ರೀತಿ ಕಾಣುತ್ತದೆ. ಮನಸ್ಸಿನ ವೈದ್ಯರಿಗೆ ರೋಗಿಯ ಮಾತೇ ನಾಡಿ. ಸಂತೆಯಲ್ಲಿ ಚೌಕಾಸಿ ಮಾಡುವಷ್ಟು ತಮಿಳು ನಮಗೆಲ್ಲ ಬರುತ್ತದೆ. ಆದರೆ "ಎದೆಯಲ್ಲಿ ಏನೋ ಕಲ್ಲಿಟ್ಟಂತೆ", "ಜೀವ ಹಿಂಡಿದಂತೆ" ಎಂಬುದನ್ನು ಯಾವ ಸಂತೆಯೂ ಕಲಿಸುವುದಿಲ್ಲ. ಆಗ ಮನೆಯವರು ನಡುವೆ ಬರುತ್ತಾರೆ, ನಮ್ಮ ತಂದೆಯವರು ಬಂದಂತೆ. ಮನೆಯ ಮಾನವನ್ನು ಉಳಿಸಿ ಉಳಿದುದನ್ನು ಹೇಳುತ್ತಾರೆ. ಗಂಡನ ಹೊಡೆತದಿಂದ ಕುಗ್ಗಿದವಳಿಗೆ ಗಂಡನೇ ದುಭಾಷಿಯಾದರೆ ವೈದ್ಯರಿಗೆ ತಿಳಿಯುವುದೇನು?

ದಾರಿಯಿಲ್ಲವೆಂದಲ್ಲ. 1980ರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಹಳ್ಳಿ ತಿರುಗುವ ಕಾರ್ಯಕರ್ತರಿಗೂ ತರಬೇತು ಕೊಟ್ಟು, ಈ ಬೇನೆಗಳನ್ನು ಊರಿನ ಹತ್ತಿರವೇ ಗುರುತಿಸಿ ಮದ್ದು ಕೊಡುವ ಏರ್ಪಾಡು ಅದು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ತಮಿಳುನಾಡಿನಲ್ಲಿ ಅದು ಮೊದಲು ತಿರುಚಿನಾಪಳ್ಳಿಯಲ್ಲಿ ತೊಡಗಿತು. 2014ರಿಂದ ಕರ್ನಾಟಕದಲ್ಲಿ ಮನೋಚೈತನ್ಯ ಎಂಬ ಹೆಸರಿನಲ್ಲಿ ಮಂಗಳವಾರದಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಕ್ರಮ ಹಾಕಿದರು. ಇತ್ತ ಪುದುಕ್ಕೋಟೆಯಲ್ಲಿ ಚೆನ್ನೈಯ ಸ್ಕಾರ್ಫ್ ಸಂಸ್ಥೆಯವರು 2010ರ ಸುಮಾರಿಗೆ ಒಂದು ಬಸ್ಸನ್ನೇ ಚಿಕಿತ್ಸಾಲಯ ಮಾಡಿ, ಅದರಲ್ಲಿಟ್ಟ ತೆರೆಯ ಮೂಲಕ ಚೆನ್ನೈಯ ವೈದ್ಯರು ಹಳ್ಳಿಯವರೊಡನೆ ಮಾತನಾಡುವಂತೆ, ಮದ್ದನ್ನು ಅಲ್ಲಿಯೇ ಕೊಡುವಂತೆ ಮಾಡಿದರು. ಆ ಸಂಸ್ಥೆಯನ್ನು 1984ರಲ್ಲಿ ಸ್ಥಾಪಿಸಿದ ಡಾಕ್ಟರ್ ಶಾರದಾ ಮೆನನ್ ಅವರು ಹುಟ್ಟಿದ್ದು ಮಂಗಳೂರಿನಲ್ಲಿ, ಬಹುಕಾಲ ದುಡಿದದ್ದು ಚೆನ್ನೈಯ ಕೀಳ್ಪಾಕದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿ. ನಾಡುನುಡಿಗಳ ಗೆರೆಯನ್ನು ಅವರು ಎಂದೂ ಲೆಕ್ಕಿಸಿದಂತಿಲ್ಲ.

ದೂರವೇಕೆ, ಗೂಡಲೂರಿನ ಆದಿವಾಸಿ ಆಸ್ಪತ್ರೆಯನ್ನು ನೋಡಿ. 1990ರಲ್ಲಿ ತೆರೆದ ಆ ಆಸ್ಪತ್ರೆಯಲ್ಲಿ ಆದಿವಾಸಿ ಹೆಣ್ಣುಮಕ್ಕಳೇ ತರಬೇತು ಪಡೆದು ದಾದಿಯರಾದರು. ರೋಗಿಯ ನುಡಿ ದಾದಿಯ ನುಡಿಯೂ ಆಯಿತು. 1992ರಲ್ಲಿ ಸಮುದಾಯದವರೇ ಸಣ್ಣ ಕಂತು ಕಟ್ಟುವ ವಿಮೆಯನ್ನೂ ತೊಡಗಿದರು. ನಮಗಿಂತ ಬಡವರು ಮಾಡಿದ ಕೆಲಸವಿದು. ವಾರ್ಷಿಕೋತ್ಸವದ ಹಾರತುರಾಯಿಗಳ ಲೆಕ್ಕವನ್ನು ನಮ್ಮ ಖಜಾಂಚಿಗಳು ಓದಿದಾಗ ನಮಗೆ ಇದು ನೆನಪಾಯಿತು, ಅವರು ಬೇಸರಿಸಬಾರದು.

ಸಂಘದ ಮುಂದೆ ನಾವು ಇಡುವುದು ಇಷ್ಟೆ. ಜಿಲ್ಲಾಧಿಕಾರಿಗಳಿಗೆ ಒಂದು ಮನವಿ: ಮಸಿನಗುಡಿಯಲ್ಲಿಯೂ ಗೂಡಲೂರಿನಲ್ಲಿಯೂ ಗೊತ್ತಾದ ದಿನದಂದು ಮನೋವೈದ್ಯರು ಬರಲಿ, ಅದು ಸಂತೆಯ ದಿನವಾದರೆ ಉತ್ತಮ, ಸಂತೆಗೆ ಹೋದವರನ್ನು ಯಾರೂ ಏಕೆ ಹೋದೆಯೆಂದು ಕೇಳುವುದಿಲ್ಲ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ 2021ರಿಂದ ಮನೆಬಾಗಿಲಿಗೆ ಮಾತ್ರೆ ತರುವ ಏರ್ಪಾಡು ತಮಿಳುನಾಡಿನಲ್ಲಿದೆ; ಒಮ್ಮೆ ವೈದ್ಯರು ಗೊತ್ತುಮಾಡಿದ ಈ ಬೇನೆಯ ತಿಂಗಳ ಮಾತ್ರೆಯೂ ಅದೇ ಕೈಗಳಿಂದ ಬರಲಿ. ಅಷ್ಟಾದರೆ ಆ ತಾಯಿಯ 24 ದಿನದ ಕೂಲಿ ಆರಕ್ಕೋ ಎಂಟಕ್ಕೋ ಇಳಿಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ದೂರವಾಣಿಯ ಸಂಖ್ಯೆ 14416. ಹಣ ಬೇಕಿಲ್ಲ, ಹೆಸರು ಹೇಳಬೇಕಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಕಾಡಂಚಿನಲ್ಲಿ ಗುಡ್ಡದ ಮೇಲೆ ಹತ್ತಿ ನಿಂತರೆ ಮಾತ್ರ ಸಂಪರ್ಕ ಸಿಗುವ ಊರುಗಳು ನಮ್ಮವು. ಆದರೂ ಆ ಸಂಖ್ಯೆಯನ್ನು ನಮ್ಮ ಕ್ಯಾಲೆಂಡರಿನ ಕೆಳಗೆ ದಪ್ಪಕ್ಷರದಲ್ಲಿ ಅಚ್ಚುಹಾಕಿಸಬೇಕು.

ಎರಡನೆಯದು ಸರ್ಕಾರವನ್ನು ಕೇಳಬೇಕಾದುದಲ್ಲ. ಆಸ್ಪತ್ರೆಗೆ ಹೋಗುವ ನಮ್ಮವರೊಡನೆ ಕನ್ನಡವನ್ನೂ ತಮಿಳನ್ನೂ ಚೆನ್ನಾಗಿ ಬಲ್ಲ ಒಬ್ಬರು ಹೋಗಬೇಕು. ಅವರು ರೋಗಿಯ ನೆಂಟರಾಗಿರಬಾರದು, ಅದೇ ಹಟ್ಟಿಯವರೂ ಆಗಿರಬಾರದು. ಹೆಂಗಸರೊಡನೆ ಹೆಂಗಸರು ಹೋಗಬೇಕು. ಕೇಳಿದ್ದನ್ನು ಬಿಡದೆ, ಸೇರಿಸದೆ ವೈದ್ಯರಿಗೆ ಹೇಳಬೇಕು. ಹೊರಗೆ ಬಂದ ಮೇಲೆ ಅದನ್ನು ಯಾರ ಬಳಿಯಲ್ಲಿಯೂ ಎತ್ತಬಾರದು, ಮನೆಯವರ ಬಳಿಯಲ್ಲಿಯೂ. ಬಸ್ಸಿನ ಹಣವನ್ನು ಸಂಘ ಕೊಡಬೇಕು.

ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕವನ್ನು ಇರಿಸಿದ್ದೇವೆ. ಬರಲು ಒಪ್ಪುವವರು ತಮ್ಮ ಹೆಸರನ್ನೂ ಊರನ್ನೂ ಬಿಡುವಿರುವ ದಿನವನ್ನೂ ಬರೆಯಬೇಕೆಂದು ಬೇಡುತ್ತೇವೆ. ನಮ್ಮ ಹೆಸರು ಮೊದಲ ಸಾಲಿನಲ್ಲಿದೆ. ಸೋಮವಾರ ಬಿಟ್ಟು ಯಾವ ದಿನವಾದರೂ ಆದೀತು.